ದಾದಾ ಅವರ ರೇಡಿಯೊ, ನನ್ನ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಭೌತಶಾಸ್ತ್ರದ ಸಹವಾಸ ಹತ್ತನೇ ತರಗತಿಗೇ ಮುಗಿಯಿತು ಎಂದುಕೊಂಡಿದ್ದೆ. ಕಳೆದ ರಜೆಯಲ್ಲಿ ಅದು ದಾದಾ ಅವರ ರೇಡಿಯೊ ನೆಪದಲ್ಲಿ ಮತ್ತೆ ಮನೆಗೆ ಬಂತು.

ದಾದಾ ಹುಟ್ಟಿದ್ದು ಔರಾದ್‌ನಲ್ಲಿ. ಆಗ ನಮ್ಮ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಈ ರಾಜ್ಯಕ್ಕೆ ಸೇರಿತು. ಅವರಿಗೆ ರೇಡಿಯೊ ಎಂದರೆ ಇಂದಿಗೂ ಹೈದರಾಬಾದೇ. ಈಗ ಕಣ್ಣು ಮಂಜಾಗಿ ಬೀದರ್‌ನಲ್ಲಿ ನಮ್ಮ ಜೊತೆ ಇದ್ದಾರೆ. ಓದಲು ಆಗುವುದಿಲ್ಲ, ಟಿವಿ ಕಾಣುವುದಿಲ್ಲ. ಹೈದರಾಬಾದ್ ವಿವಿಧ ಭಾರತಿ 102.8 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಬರೀ ಗೊರಗೊರ. ಮೊಬೈಲ್‌ನಲ್ಲಿ ಹಳೆಯ ಹಾಡು ಹಾಕಿಕೊಟ್ಟೆ. "ಬೇಟಾ, ಇದು ನೀನು ಹಾಕಿದ ಹಾಡು. ಅಲ್ಲಿಂದ ಬಂದದ್ದಲ್ಲ" ಎಂದರು.

ಔರಾದ್ ಮನೆಯ ಮಾಳಿಗೆಯ ಮೇಲೆ ದೂರದರ್ಶನದ ಕಾಲದ ಆಂಟೆನಾ ಇತ್ತು. ಬಸ್ಸಿನಲ್ಲಿ ತಂದು ಕಟ್ಟಿದೆ. ಗೊರಗೊರ ನಿಲ್ಲಲಿಲ್ಲ. ಭಾಲ್ಕಿಯಲ್ಲಿ ಖಾಲಾ ಮನೆ ಹತ್ತಿರ ಟಿವಿ ರಿಪೇರಿ ಮಾಡುವ ಕಾಕಾ ಒಂದೇ ಮಾತು ಕೇಳಿದರು: "ಉದ್ದ ಅಳದೀಯೇನು? ಟಿವಿದು ಬ್ಯಾರೆ, ಎಫ್‌ಎಂದು ಬ್ಯಾರೆ."

ಆಂಟೆನಾದಲ್ಲಿ ಮಡಚಿದ ಕಡ್ಡಿ ಒಂದಿರುತ್ತದಲ್ಲ, ಅದರ ನಡುವಿನಿಂದಲೇ ತಂತಿ ಇಳಿಯುತ್ತದೆ. ಅದು ಫೋಲ್ಡೆಡ್ ಡೈಪೋಲ್. ಉಯ್ಯಾಲೆಗೆ ಅದರದೇ ಲಯ ಇರುವಂತೆ ಆ ಕಡ್ಡಿಗೂ ಒಂದು ಆವೃತ್ತಿ ಇದೆ. ಅದೇ ಅನುರಣನ ಆವೃತ್ತಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ನಲ್ಲಿ ತರಂಗದೂರ ಸಿಗುತ್ತದೆ. ಕಡ್ಡಿ ಅದರ ಅರ್ಧದಷ್ಟಿರಬೇಕು. ತುದಿಗಳ ಪ್ರಭಾವಕ್ಕಾಗಿ ಸುಮಾರು ಶೇಕಡಾ 5 ಕಳೆಯಬೇಕು. ಅಂದರೆ 142.5 ಭಾಗಿಸು ಆವೃತ್ತಿ.

ಹಳೆಯ ಕಡ್ಡಿ ಅಳೆದೆ: 70 ಸೆಂಟಿಮೀಟರ್. ಅದರ ಆವೃತ್ತಿ ಸುಮಾರು 204 ಮೆಗಾಹರ್ಟ್ಸ್, ಟಿವಿಗೆ ಸರಿ. ನಮಗೆ ಬೇಕಾದದ್ದು 142.5 ಭಾಗಿಸು 102.8, ಅಂದರೆ 1.39 ಮೀಟರ್.

ಅಂಗಡಿಯಿಂದ ದಪ್ಪ ತಾಮ್ರದ ತಂತಿ ತಂದು 1.39 ಮೀಟರ್‌ಗೆ ಕತ್ತರಿಸಿ ಮಡಚಿದೆ. ಮಡಚಿದ ಮೇಲೆ ನೋಡಿದರೆ ಮತ್ತೆ 70! ತುದಿಯಿಂದ ತುದಿಗೆ ಇರಬೇಕಾದ ಉದ್ದವನ್ನು ಇಡೀ ತಂತಿಯ ಉದ್ದ ಎಂದು ತಿಳಿದಿದ್ದೆ. ಪಾಕೆಟ್ ಮನಿಯ ಹಣ ನಷ್ಟದ ಖಾತೆಗೆ ಹೋಯಿತು. ಎರಡನೇ ಸಲ ಸುಮಾರು 2.8 ಮೀಟರ್ ತಂದೆ.

ಮಡಚುವುದು ಏಕೆ ಎಂದು ಕಾಕಾನನ್ನು ಕೇಳಿದೆ. ವಿದ್ಯುತ್ ಎರಡು ತಂತಿಗಳಲ್ಲಿ ಹಂಚಿಹೋಗುತ್ತದೆ. ಶಕ್ತಿ ಅಷ್ಟೇ ಇದ್ದು ಪ್ರವಾಹ ಅರ್ಧವಾದರೆ ರೋಧ ನಾಲ್ಕು ಪಟ್ಟು. ಸಾದಾ ಡೈಪೋಲ್‌ನ 73 ಓಮ್ 292 ಆಗುತ್ತದೆ. ಹಳೆಯ 300 ಓಮ್ ಚಪ್ಪಟೆ ತಂತಿಗೆ ಸರಿಹೊಂದುತ್ತದೆ. ಆ ತಂತಿಯನ್ನು ಅವರೇ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಡೈಪೋಲ್ ತನ್ನ ತುದಿಗಳ ಕಡೆಯಿಂದ ಕಡಿಮೆ, ಅಗಲದ ಕಡೆಯಿಂದ ಹೆಚ್ಚು ಹಿಡಿಯುತ್ತದೆ. ಹೈದರಾಬಾದ್ ನಮಗೆ ಆಗ್ನೇಯಕ್ಕೆ. ಹಾಗಾಗಿ ಬಿದಿರಿಗೆ ಕಟ್ಟಿ ಮಾಳಿಗೆಯ ಮೇಲೆ ಈಶಾನ್ಯ–ನೈರುತ್ಯವಾಗಿ ನಿಲ್ಲಿಸಿದೆ.

ಮರುದಿನ ಫಜ್ರ್ ನಮಾಜ್ ಆದ ಮೇಲೆ ರೇಡಿಯೊ ಹಚ್ಚಿದೆವು. ಗೊರಗೊರದ ನಡುವಿನಿಂದ ಒಂದು ಹಾಡು ಎದ್ದು ಬಂತು. ದಾದಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

ಮಧ್ಯಾಹ್ನ ಮತ್ತೆ ಮಾಯ. ದೂರ ನೂರು ಕಿಲೋಮೀಟರ್‌ಗಿಂತ ಹೆಚ್ಚು, ಲೆಕ್ಕ ಎಷ್ಟೇ ಸರಿಯಿದ್ದರೂ ದಿನಾ ಬರುವುದಿಲ್ಲ. ದಾದಾ ಬೇಸರಪಟ್ಟುಕೊಳ್ಳಲಿಲ್ಲ. ಯಾವ ದಿನ ಬಂತು, ಯಾವ ದಿನ ಬರಲಿಲ್ಲ ಎಂದು ಈಗ ಅವರೇ ಹೇಳುತ್ತಾರೆ. ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಬರೆದಿಡುತ್ತೇನೆ.