ತಂಬೂರಿ ಹೊತ್ತು ಮಿರಜಿಗೆ

ಪುಣೆಯ ಧನಕವಡಿಯಲ್ಲಿ ಶಂಕರ ಮಹಾರಾಜರ ಮಠಕ್ಕೆ ಬಂದವರು ನಮ್ಮ ಮನೆಗೂ ಬನ್ನಿ, ಅತ್ತೆಯವರ ತಂಬೂರಿ ಕೇಳಿಸುತ್ತೇನೆ. ಹೋದ ಮಳೆಗಾಲದಲ್ಲಿ ಅದರ ನಾದ ಸತ್ತೇಹೋಗಿತ್ತು. ಮೀಟಿದರೆ ಡಬ್ಬ ತಟ್ಟಿದ ಸದ್ದು. ಬುರುಡೆಯನ್ನೇ ಬದಲಿಸಬೇಕೆಂದರು ಇಲ್ಲಿನ ರಿಪೇರಿಯವರೊಬ್ಬರು. "ಎಲೆಕ್ಟ್ರಾನಿಕ್ ತಂಬೂರಿ ತಗೋ ಅಮ್ಮ" ಎಂದ, ಗಿಟಾರು ನುಡಿಸುವ ಮಗ. ಮನಸ್ಸೊಪ್ಪದೆ, ರಜಾಯಿಯಲ್ಲಿ ಸುತ್ತಿಕೊಂಡು ಮಿರಜಿನ ರೈಲು ಹತ್ತಿದೆ.

ಮಿರಜು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಅಲ್ಲಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಕುಶಲಕರ್ಮಿ ಸೋರೆಬುರುಡೆಯನ್ನು ಬೆರಳಿಂದ ತಟ್ಟಿ, "ಬುರುಡಿ ಗಟ್ಟಿ ಐತ್ರಿ ಅಕ್ಕಾರ, ಕುದುರಿ ಸವದೈತಿ" ಎಂದಾಗ ಜೀವ ಬಂದಂತಾಯಿತು.

ದಂಡಿ, ಮೇಲ್ಹಲಗೆ ತುನ್ ಮರದ್ದು. ಗಿಟಾರಿಗೆ ಬಳಸುವ ಮಹಾಗನಿಯ ಕುಟುಂಬದ್ದೇ ಮರವದು, ಕೆಂಪುಗಂದು, ಹಗುರ. ಮರ ಒಂದೇ ಕುಲದ್ದಾದರೂ ನಾದ ಬೇರೆ, ನೋಡಿ! ಗಿಟಾರಿನ ತಂತಿ ಕುದುರೆಯ ಕಿರಿದಾದ ಅಂಚಿನ ಮೇಲಿಂದ ಹೊರಡುತ್ತದೆ. ನಮ್ಮದು ಅಗಲವಾದ, ತುಸು ಬಾಗಿದ ಕುದುರೆಯನ್ನು ಸವರುತ್ತಲೇ ಕಂಪಿಸುತ್ತದೆ. ಆ ಝೇಂಕಾರವೇ ಜವಾರಿ. ಅರದಿಂದ ಉಜ್ಜುವುದು, ಮೀಟಿ ಕೇಳುವುದು, ಮತ್ತೆ ಉಜ್ಜುವುದು: ಹೀಗೆ ಅರ್ಧ ದಿನ. ಕೊನೆಗೆ ತಂತಿಯಡಿ ನೂಲಿನೆಳೆ ತೂರಿಸಿ, ಕೂದಲೆಳೆಯಷ್ಟು ಸರಿಸಿದರು. ಅಂಗಡಿ ತುಂಬ ಷಡ್ಜ!

ರಾತ್ರಿ ಮನೆಯಲ್ಲಿ ಮೀಟಿದೆ. ಮಗ ಗಿಟಾರು ಕೆಳಗಿಟ್ಟು ಬಂದು, "ಆ ದಾರ ಎಲ್ಲಿದೆ, ತೋರಿಸು" ಎಂದ.