ವೈರಸ್ಸಿನ ಜೊಳ್ಳು

ಜೀನ್ ಚಿಕಿತ್ಸೆಗೆಂದು ವೈರಸ್ ತಯಾರಿಸುತ್ತೇವೆ ಅನ್ನುತ್ತಾರೆ. ಆದರೆ ವೈರಸ್ಸಿನ ಸ್ವಂತ ಜೀನ್ ಒಂದೂ ಅದರೊಳಗಿಲ್ಲ! ಎಎವಿ ಎಂಬ ಪುಟ್ಟ ವೈರಸ್ಸಿನ ಎರಡು ತುದಿಗಳ ಡಿಎನ್‌ಎ ತುಣುಕನ್ನಷ್ಟೇ ಉಳಿಸಿಕೊಂಡು, ನಡುವೆ ರೋಗಿಗೆ ಬೇಕಾದ ಜೀನ್ ಕೂರಿಸುತ್ತಾರೆ. ಇನ್ನೂ ಅದನ್ನು ವೈರಸ್ ಎಂದೇ ಕರೆಯಬೇಕೆ?

1965ರಲ್ಲಿ ಎಎವಿ ಕಣ್ಣಿಗೆ ಬಿದ್ದದ್ದು ಅಡಿನೋವೈರಸ್ ಜತೆ ಸೇರಿಕೊಂಡ ಕಲಬೆರಕೆಯಾಗಿ. ಇನ್ನೊಂದು ವೈರಸ್ಸಿನ ನೆರವಿಲ್ಲದೆ ಅದು ಸರಿಯಾಗಿ ಬೆಳೆಯದು. ಅಂಥ ಪರಾವಲಂಬಿಗೇ ಈಗ ಇಷ್ಟು ಮರ್ಯಾದೆ.

ಬೆಳೆಸುವುದು ಹೆಕ್ 293 ಎಂಬ ಮನುಷ್ಯ ಜೀವಕೋಶಗಳಲ್ಲಿ. 1973ರಲ್ಲಿ ಲೈಡನ್ನಿನಲ್ಲಿ ಫ್ರಾಂಕ್ ಗ್ರಹಾಂ ಭ್ರೂಣದ ಮೂತ್ರಪಿಂಡದಿಂದ ರೂಪಿಸಿದ ಕೋಶಗಳ ಸಂತತಿ ಅವು. 293 ಅವರ ಪ್ರಯೋಗದ ಕ್ರಮಸಂಖ್ಯೆಯಂತೆ, ಅಷ್ಟೇ.

ಕೋಶದೊಳಗೆ ಪ್ಲಾಸ್ಮಿಡ್ ಎಂಬ ಮೂರು ಡಿಎನ್‌ಎ ಉಂಗುರ ತೂರಿಸುತ್ತಾರೆ. ಒಂದರಲ್ಲಿ ಔಷಧದ ಜೀನ್, ಒಂದರಲ್ಲಿ ಚಿಪ್ಪು ಕಟ್ಟುವ ಮತ್ತು ಡಿಎನ್‌ಎ ನಕಲಿಸುವ ಜೀನ್‌ಗಳು, ಮೂರನೆಯದರಲ್ಲಿ ಅಡಿನೋವೈರಸ್ಸಿನ ಸಹಾಯಕ ಜೀನ್‌ಗಳು. ತುದಿ ತುಣುಕುಗಳಿರುವುದು ಮೊದಲನೆಯದಕ್ಕೆ ಮಾತ್ರ, ಹಾಗಾಗಿ ಚಿಪ್ಪಿನೊಳಗೆ ತುಂಬಿಕೊಳ್ಳುವುದು ಅದೊಂದೇ. ಚಿಪ್ಪು ಕಟ್ಟುವ ವಿದ್ಯೆ ಹೊರಗೇ ಉಳಿಯುವುದರಿಂದ ರೋಗಿಯ ದೇಹದಲ್ಲಿ ಈ ವೈರಸ್ ಮರಿ ಹಾಕದು. ಇದು ಜಾಣತನ, ಒಪ್ಪಿದೆ.

ಒಪ್ಪಲಾಗದ್ದು ಮುಂದಿದೆ. ತಯಾರಾದ ಚಿಪ್ಪುಗಳಲ್ಲಿ ಎಷ್ಟೋ ಸಲ ಬಹುಪಾಲು ಖಾಲಿ! ಜೊಳ್ಳಿನಿಂದ ಕಾಳು ಬೇರ್ಪಡಿಸಲು ಅಯೊಡಿಕ್ಸನಾಲ್ ಎಂಬ ದಟ್ಟ ದ್ರಾವಣವನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಟ್ಯೂಬಿನಲ್ಲಿ ಪದರ ಪದರವಾಗಿ ಹಾಕಿ ಅತಿವೇಗದಲ್ಲಿ ತಿರುಗಿಸುತ್ತಾರೆ. 60 ಪರ್ಸೆಂಟಿನ ಪದರಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಮೇಲಿನ 40ರದು ತಿಳಿ. ಆ ಗಡಿಯನ್ನೇ ಗುರಿಯಿಟ್ಟು ಟ್ಯೂಬಿನ ಪಕ್ಕಕ್ಕೆ ಸೂಜಿ ಚುಚ್ಚಿ ಮೆಲ್ಲಗೆ ಎಳೆಯಬೇಕು. ತುಂಬಿದವು ಭಾರಕ್ಕೆ ಅಲ್ಲಿಗೆ ಇಳಿದಿರುತ್ತವೆ; ಖಾಲಿಯವು ಹೆಚ್ಚಾಗಿ ಮೇಲೆಯೇ ಉಳಿಯುತ್ತವೆ. ಕೈ ತುಸು ಮೇಲೆ ಹೋದರೆ ಜೊಳ್ಳೂ ಸಿರಿಂಜಿಗೆ ಬಂತು.

ಬೇಕಾಗುವ ಪ್ರಮಾಣ? ಎಸ್‌ಎಂಎ ಎಂಬ ಸ್ನಾಯು ಕ್ಷಯದ ಮಕ್ಕಳಿಗೆ ಕೊಡುವ ಝೊಲ್ಜೆನ್ಸ್ಮಾ ಎಂಬ ಎಎವಿ ಔಷಧ ಮಗುವಿನ ಪ್ರತಿ ಕಿಲೋ ತೂಕಕ್ಕೆ 110 ಲಕ್ಷ ಕೋಟಿ ಕಣ. ವಾಟ್ಸಾಪಿನಲ್ಲಿ ಮಗುವಿನ ಫೋಟೋ ಜತೆ '16 ಕೋಟಿಯ ಇಂಜೆಕ್ಷನ್' ಎಂದು ಬರುವ ಮನವಿ ಇದರದೇ. ಬೆಲೆಗೆಲ್ಲ ತಯಾರಿಕೆಯ ಕಷ್ಟವೇ ಕಾರಣ ಎಂದರೆ ನಾನು ನಂಬುವುದಿಲ್ಲ. ಕಷ್ಟವಂತೂ ಸುಳ್ಳಲ್ಲ.

ಖಾಲಿ ಚಿಪ್ಪುಗಳಿದ್ದರೇನು, ಸುಮ್ಮನೆ ಬಿದ್ದಿರಲಿ ಎನ್ನುವಂತಿಲ್ಲ. ಹೊರಗಿನಿಂದ ಎರಡೂ ಒಂದೇ ಥರ. ದೇಹ ಜೊಳ್ಳಿನ ವಿರುದ್ಧವೂ ಪ್ರತಿಕಾಯ ಹುಟ್ಟಿಸುತ್ತದೆ. ಒಮ್ಮೆ ಹುಟ್ಟಿದ ಪ್ರತಿಕಾಯ ವರ್ಷಗಟ್ಟಲೆ ಉಳಿಯುವುದರಿಂದ ಅದೇ ವೈರಸ್ಸಿನ ಎರಡನೇ ಡೋಸ್ ಸಾಮಾನ್ಯವಾಗಿ ಕೊಡುವ ಪದ್ಧತಿಯಿಲ್ಲ.