ನಾವು ದಾಟುವ ಸೇತುವೆ, ಅವರು ಕಟ್ಟಿದ ಸೇತುವೆ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲ್‌ಗಳಲ್ಲಿ. ಊರು ಎಂದರೆ ನಿಮಗೆ ಮೇ ತಿಂಗಳ ರಜೆಯಲ್ಲಿ ಹೋಗಿ ಬರುವ ಅಜ್ಜಿಮನೆ. ಆದರೆ ನೀವು ದಿನಾ ಓಡಾಡುವ ಈ ಪ್ರದೇಶವೂ ಕಣ್ಣು ತೆರೆದು ನೋಡಬೇಕಾದ ಊರೇ. ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ಥಾಣೆಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶಿಲ್‌ಫಾಟಾ ದಾರಿಯಾಗಿ ಬೇಲಾಪುರಕ್ಕೆ ಒಂದು ಸುತ್ತು ಬನ್ನಿ. ಏನೇನು ನೋಡಬೇಕೆಂದು ನಾನು ಹೇಳುತ್ತೇನೆ.

ಥಾಣೆಯಿಂದಲೇ ಪ್ರಾರಂಭಿಸೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿ.ಮೀ. ಓಡಿ ಬಂದು ನಿಂತದ್ದು ಇಲ್ಲಿ. ಇದನ್ನು ನೀವು ಶಾಲೆಯ ಪುಸ್ತಕದಲ್ಲೇ ಓದಿದ್ದೀರಿ. ಮರುವರ್ಷ, 1854ರ ಮೇ ತಿಂಗಳಲ್ಲಿ, ಖಾಡಿಯ ಮೇಲೆ ಸೇತುವೆ ಕಟ್ಟಿ ಹಳಿಯನ್ನು ಕಲ್ಯಾಣಕ್ಕೆ ಮುಟ್ಟಿಸಿದರು. ಥಾಣೆ ಬಿಟ್ಟೊಡನೆ ಎದುರಾಗುವ ಗುಡ್ಡ ಪಾರಸಿಕ್. ಅದನ್ನು ಕೊರೆದು 1916ರಲ್ಲಿ ತೆರೆದ ಸುರಂಗದ ಉದ್ದ 1.3 ಕಿ.ಮೀ. ನಿಮ್ಮ ತಂದೆಯವರ ಕಾಲದಲ್ಲಿ ಫಾಸ್ಟ್ ಲೋಕಲ್‌ಗಳು ಇದರೊಳಗಿಂದಲೇ ಹೋಗುತ್ತಿದ್ದವು. 2022ರಲ್ಲಿ ಥಾಣೆ–ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳು ಬಂದ ಮೇಲೆ ಅದು ಮುಖ್ಯವಾಗಿ ದೂರದ ಗಾಡಿಗಳ ದಾರಿಯಾಗಿದೆ.

ಡೊಂಬಿವಲಿ ದಾಟಿ ಕಲ್ಯಾಣಕ್ಕೆ ಬಂದರೆ ಹಳಿ ಎರಡಾಗಿ ಒಡೆಯುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ದಾಟಿ ಭೋರ್ ಘಾಟಿನ ಕಡೆಗೆ. ಪುಣೆ, ಸೊಲ್ಲಾಪುರ, ಕಲಬುರಗಿಯ ಕಡೆ ಹೋಗುವ ನಮ್ಮವರೆಲ್ಲ ಏರುವುದು ಈ ಘಾಟಿಯನ್ನೇ. ಅದರ ಕೆಲಸ ನಡೆದದ್ದು 1856ರಿಂದ 1863ರ ತನಕ. 25 ಸುರಂಗಗಳು. 1861ರಲ್ಲಿ ಒಂದೇ ಕಾಲಕ್ಕೆ 42,000 ಮಂದಿ ಅಲ್ಲಿ ದುಡಿಯುತ್ತಿದ್ದರು. ಕಾಲರಾ, ಮದ್ದಿನ ಸಿಡಿತ, ಪ್ರಪಾತಕ್ಕೆ ಬೀಳುವುದು ಇತ್ಯಾದಿಗಳಿಂದ ಸತ್ತವರು ಸುಮಾರು 25,000 ಎಂದು ಇತಿಹಾಸಕಾರರ ಅಂದಾಜು. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದು ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ವಹಿಸಿಕೊಂಡು ಕೆಲಸ ಮುಗಿಸಿಕೊಟ್ಟಳು. ಈ ಇಬ್ಬರ ಹೆಸರು ನಮಗೆ ಸಿಗುತ್ತದೆ. ಆ ಸಾವಿರಾರು ಜನರಿಗೆ ಹೆಸರಿಲ್ಲ. ಎಷ್ಟು ಮಂದಿ ಎಂಬುದಕ್ಕೂ ‘ಸುಮಾರು’ ಎನ್ನಬೇಕಾಗಿದೆ.

ಅದು ಬ್ರಿಟಿಷರ ಕಾಲ, ಈಗ ಹಾಗಿಲ್ಲ ಎಂದು ನೀವು ಹೇಳಬಹುದು. ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವಾಗ ಸಿಗುವ ಶಹಾಪುರ ತಾಲೂಕನ್ನು ನೆನಪಿಡಿ. ಅಲ್ಲಿ 2023ರ ಆಗಸ್ಟ್ 1ರ ನಡುರಾತ್ರಿ ಸಮೃದ್ಧಿ ಮಹಾಮಾರ್ಗದ ಸೇತುವೆ ಕೆಲಸದಲ್ಲಿ ಗರ್ಡರ್ ಎತ್ತಿ ಕೂಡಿಸುವ ದೈತ್ಯ ಯಂತ್ರ ಸುಮಾರು ನೂರು ಅಡಿ ಎತ್ತರದಿಂದ ಕುಸಿಯಿತು. ಸತ್ತವರು 20 ಮಂದಿ. ಮರುತಿಂಗಳು, ಸೆಪ್ಟೆಂಬರ್ 10ರಂದು, ಥಾಣೆಯ ಬಾಳ್ಕುಮ್‌ನಲ್ಲಿ 40 ಮಹಡಿಯ ಕಟ್ಟಡದ ಕೆಲಸ ಮುಗಿಸಿ ಇಳಿಯುತ್ತಿದ್ದವರ ಲಿಫ್ಟ್ ಬಿದ್ದು 7 ಮಂದಿ ಹೋದರು. ಸಮೃದ್ಧಿ ರಸ್ತೆ 2025ರಲ್ಲಿ ಪೂರ್ತಿ ತೆರೆಯಿತು. ಊರಿಗೆ ಬೇಗ ಮುಟ್ಟುವ ಸಂತೋಷದಲ್ಲಿ ಆ ರಾತ್ರಿಯನ್ನು ಎಷ್ಟು ಜನ ನೆನೆಯುತ್ತಾರೆ?

ಕಲ್ಯಾಣದಲ್ಲಿ ಒಂದು ಒಳ್ಳೆಯ ಉದಾಹರಣೆಯೂ ಇದೆ. ಹಳೆಯ ಪತ್ರಿ ಪೂಲ್ ದುರ್ಬಲವಾಗಿದೆಯೆಂದು 2018ರಲ್ಲಿ ಮುಚ್ಚಿ ಒಡೆದರು. ಹೊಸದರ ಭಾರೀ ಗರ್ಡರನ್ನು 2020ರ ನವೆಂಬರ್‌ನಲ್ಲಿ ಹಳಿಗಳ ಮೇಲೆ ಸರಿಸಿ ಕೂಡಿಸುವಾಗ ರೈಲುಗಳನ್ನು ಗಂಟೆಗಟ್ಟಲೆ ನಿಲ್ಲಿಸಿದ್ದರು. ಭಾನುವಾರದ ಮೆಗಾಬ್ಲಾಕ್‌ಗೆ ನಾವೆಲ್ಲ ಶಾಪ ಹಾಕುತ್ತೇವಲ್ಲ? ಹಳಿಯ ಮೇಲೆ ಬಗ್ಗಿ ಕೆಲಸ ಮಾಡುವವನ ಬೆನ್ನ ಹಿಂದೆ ಗಾಡಿ ಬರುವುದಿಲ್ಲ ಎಂಬ ಭರವಸೆಯೇ ಆ ಮೆಗಾಬ್ಲಾಕ್. ಅದರಿಂದ ನಮಗೆ ಅರ್ಧ ಗಂಟೆ ತಡವಾಗಬಹುದು, ಅವನು ಮಾತ್ರ ಸಂಜೆ ಮನೆ ಸೇರುತ್ತಾನೆ.

ಈಗ ಕಲ್ಯಾಣದಿಂದ ಬಸ್ಸು ಹಿಡಿದು ಶಿಲ್‌ಫಾಟಾಕ್ಕೆ ಬನ್ನಿ. ಇಲ್ಲಿ 2013ರ ಏಪ್ರಿಲ್ 4ರಂದು ಅನಧಿಕೃತವಾಗಿ ಅವಸರದಲ್ಲಿ ಎಬ್ಬಿಸಿದ ಏಳು ಮಹಡಿಯ ಕಟ್ಟಡ ಕುಸಿದು 74 ಮಂದಿ ಸತ್ತರು. ಅವರಲ್ಲಿ 18 ಮಕ್ಕಳು. ಕೆಲಸ ಇನ್ನೂ ಮುಗಿದಿರಲಿಲ್ಲ, ಆದರೆ ಕೆಲಸಗಾರರ ಸಂಸಾರಗಳು ಅದರೊಳಗೇ ವಾಸವಾಗಿದ್ದವು. ಇದೇ ಶಿಲ್‌ಫಾಟಾದ ಕಡೆಗೆ ಈಗ ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿನ 21 ಕಿ.ಮೀ. ಸುರಂಗ ಬರುತ್ತಿದೆ, ಅದರಲ್ಲಿ 7 ಕಿ.ಮೀ. ಥಾಣೆ ಖಾಡಿಯ ಕೆಳಗೆ. ಘನ್ಸೋಲಿಯಿಂದ ಇಲ್ಲಿಯ ತನಕದ 4.88 ಕಿ.ಮೀ. ಭಾಗದ ಎರಡೂ ತುದಿ 2025ರ ಸೆಪ್ಟೆಂಬರ್‌ನಲ್ಲಿ ಕೂಡಿದವು.

ಕೊನೆಗೆ ಬೇಲಾಪುರ. ಕೊಂಕಣ ರೈಲ್ವೆ ನಿಗಮದ ಕೇಂದ್ರ ಕಚೇರಿ ಇರುವುದು ಇಲ್ಲೇ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರ ಜುಲೈನಲ್ಲಿ, ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನ ತನಕದ ಹಳಿ ಪೂರ್ಣಗೊಂಡಿತು. ಸುಮಾರು 740 ಕಿ.ಮೀ., 91 ಸುರಂಗಗಳು. ಹೊನ್ನಾವರದ ಶರಾವತಿ ಸೇತುವೆಯೇ ಎರಡು ಕಿ.ಮೀ.ಗೂ ಉದ್ದ. ಮತ್ಸ್ಯಗಂಧಾದಲ್ಲಿ ನಿದ್ದೆ ಮಾಡುತ್ತ ಉಡುಪಿಗೆ ಹೋಗುವ ನೀವು ಇವನ್ನೆಲ್ಲ ಕತ್ತಲಲ್ಲೇ ದಾಟಿರುತ್ತೀರಿ.

ಈ ಸುರಂಗಗಳಲ್ಲಿ ಎಲ್ಲಕ್ಕಿಂತ ಕಾಡಿದವು ಬಂಡೆಯವಲ್ಲ, ಮಣ್ಣಿನವು. ಬಂಡೆ ಗಟ್ಟಿ, ಆದರೆ ಕೊರೆದರೆ ನಿಲ್ಲುತ್ತದೆ. ನೀರು ಕುಡಿದ ಜೇಡಿಮಣ್ಣು ಅಗೆದಷ್ಟೂ ಕುಸಿಯುತ್ತದೆ. ಅಂಥ ಒಂಬತ್ತು ಸುರಂಗಗಳಲ್ಲೇ 19 ಜೀವಗಳು ಹೋದವು. ಇಡೀ ಮಾರ್ಗದಲ್ಲಿ ಸತ್ತವರು 74.

ಶಿಲ್‌ಫಾಟಾದಲ್ಲಿ ಒಂದೇ ಕಟ್ಟಡಕ್ಕೆ 74, ಕೊಂಕಣದಲ್ಲಿ ಏಳೆಂಟು ವರ್ಷದ ಕೆಲಸಕ್ಕೆ 74. ಒಂದು ಜೀವವಾದರೂ ಕಡಿಮೆ ಬೆಲೆಯದ್ದಲ್ಲ. ಆದರೆ ಕೊಂಕಣ ರೈಲ್ವೆ ತನ್ನವರನ್ನು ಲೆಕ್ಕ ಇಟ್ಟಿತು, ರತ್ನಾಗಿರಿಯಲ್ಲಿ ‘ಶ್ರಮಶಕ್ತಿ ಸ್ಮಾರಕ’ ಕಟ್ಟಿತು. ಲೆಕ್ಕ ಇಟ್ಟ ಕಡೆ ಮಾತ್ರ ಪಾಠ ಕಲಿಯಲು ಸಾಧ್ಯ. ಎಲ್ಲಿ ಕುಸಿಯಿತು, ಏಕೆ ಕುಸಿಯಿತು ಎಂದು ಬರೆದಿಟ್ಟರೆ ಮುಂದಿನ ಸುರಂಗದಲ್ಲಿ ಎಷ್ಟು ಅಡಿ ಅಗೆದು ಎಲ್ಲಿ ಆಸರೆ ಕೊಡಬೇಕೆಂದು ಗೊತ್ತಾಗುತ್ತದೆ.

‘ಹಣೆಬರಹ’ ಎಂಬ ಮಾತನ್ನು ಇಂಥ ಕಡೆ ನಾವು ಬಹಳ ಸುಲಭವಾಗಿ ಆಡುತ್ತೇವೆ. ಅಪಘಾತಗಳಲ್ಲಿ ಹೆಚ್ಚಿನವು ಹಣೆಬರಹವಲ್ಲ. ಆಳವಾದ ಗುಂಡಿಗೆ ಪಕ್ಕದ ಆಸರೆ ಬೇಕು, ಅಗೆದ ಮಣ್ಣನ್ನು ಅದರ ಅಂಚಿನಲ್ಲೇ ರಾಶಿ ಹಾಕಬಾರದು. ಸಾರವೆಗೆ ಕೈಗಂಬಿ ಬೇಕು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಸಾಲದು, ಅದರ ಕೊಕ್ಕೆಯನ್ನು ಗಟ್ಟಿಯಾದದ್ದಕ್ಕೆ ಸಿಕ್ಕಿಸಿರಬೇಕು. ಗರ್ಡರ್ ಯಂತ್ರವನ್ನು ಸರಿಸುವ ಮೊದಲು ಅದರ ಬಿಗಿಗಳನ್ನು ಒಂದೊಂದಾಗಿ ನೋಡಬೇಕು. ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಪ್ರತಿಯೊಂದಕ್ಕೂ ಸ್ವಲ್ಪ ಸಮಯ, ಸ್ವಲ್ಪ ಹಣ ಬೇಕು. ಅವಸರ ಬಂದಾಗ ಮೊದಲು ಬಿಟ್ಟುಹೋಗುವುದೂ ಇವೇ.

ಇನ್ನೊಂದು ವಿಷಯ ವಿಶೇಷವಾಗಿ ನಿಮಗೆ ಸೇರಿದ್ದು. ಬೆಳಿಗ್ಗೆ ಎಂಟರ ಹೊತ್ತಿಗೆ ನಿಮ್ಮ ಹತ್ತಿರದ ಮಜೂರರ ನಾಕಾದ ಬಳಿ ನಿಂತು ಕಿವಿಗೊಡಿ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕೇಳಿಸೀತು. ಗೌಂಡಿಗಳು, ಬಿಗಾರಿಗಳು, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸರು. ನಮ್ಮ ಹಿರಿಯರು ಹೋಟೆಲು, ಬ್ಯಾಂಕು, ಮಿಲ್ಲುಗಳಿಗೆ ಬಂದಂತೆ ಇವರು ಕಟ್ಟಡದ ಕೆಲಸಕ್ಕೆ ಬಂದವರು. ಕೆಲಸದ ಜಾಗದಲ್ಲಿ ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿರುತ್ತದೆ, ಸೂಪರ್‌ವೈಸರನ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ. ನಿನ್ನೆ ಊರಿನಿಂದ ಬಂದವನಿಗೆ ಅದು ಅರ್ಥವಾಗದಿದ್ದರೆ ಎಚ್ಚರಿಕೆ ಕೊಟ್ಟೂ ಕೊಡದಂತೆಯೇ.

ನಿಮ್ಮಲ್ಲಿ ಕೆಲವರು ನಾಳೆ ಸಿವಿಲ್ ಇಂಜಿನಿಯರ್ ಆಗುವಿರಿ, ಕೆಲವರು ಗುತ್ತಿಗೆದಾರರ ಕಚೇರಿಯಲ್ಲಿ ಲೆಕ್ಕ ಬರೆಯುವಿರಿ, ಹೆಚ್ಚಿನವರು ಎಂದಾದರೂ ಫ್ಲ್ಯಾಟ್ ಕೊಳ್ಳುವಿರಿ. ಸೈಟಿಗೆ ಹೋದಾಗ ಟೈಲ್ಸ್ ಬಣ್ಣ ಕೇಳಿದ ಹಾಗೆಯೇ ಕೆಲಸದವರಿಗೆ ಬೆಲ್ಟ್ ಇದೆಯೇ ಎಂದೂ ಕೇಳಿ. ‘ಯಾವೂರ್ರೀ ಅಣ್ಣಾ ನಿಮ್ದು?’ ಎಂದು ಮಾತಾಡಿಸಿ. 18ರಿಂದ 60 ವಯಸ್ಸಿನೊಳಗಿನ, ವರ್ಷದಲ್ಲಿ 90 ದಿನ ಕೆಲಸ ಮಾಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೆಂದು 1996ರ ಕಾಯಿದೆ ವಿಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮಂಡಳಿ, ನೋಂದಣಿ, ಅದಕ್ಕಾಗಿ ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಸೆಸ್ ಅವುಗಳಲ್ಲೂ ಇವೆ. ಈ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕು, ಅರ್ಜಿ ತುಂಬಿಕೊಡುವವರು ಬೇಕು. ನಮ್ಮ ಸಂಘದ ಯುವ ವಿಭಾಗ ತಿಂಗಳಿಗೊಂದು ಭಾನುವಾರ ಇದಕ್ಕೆ ಮೀಸಲಿಡಬಾರದೇಕೆ?

‘ಕನ್ನಡ ಕಲಿತು ಇಲ್ಲೇನು ಪ್ರಯೋಜನ?’ ಎಂದು ನಿಮ್ಮಲ್ಲಿ ಕೆಲವರು ಮನೆಯಲ್ಲಿ ಕೇಳುವುದುಂಟು. ಸಂಘದ ವಾರ್ಷಿಕೋತ್ಸವದ ನಾಟಕಕ್ಕಷ್ಟೇ ಅಲ್ಲ, ಸಾರವೆಯ ಮೇಲಿರುವ ಒಬ್ಬನಿಗೆ ‘ಕೊಕ್ಕೆ ಹಾಕ್ಕೊಳ್ರೀ’ ಎಂದು ಅವನ ಭಾಷೆಯಲ್ಲಿ ಕೂಗಿ ಹೇಳುವುದಕ್ಕೂ ಅದು ಬೇಕಾದೀತು.